ಕೈ ಸವರಿದ ಸಸಿ

ಟೊಮೆಟೊ ಹಣ್ಣಿನ ಮೇಲಿನ ಚುಕ್ಕೆ ಕೆರೆದು ತೆಗೆಯುವುದನ್ನು ಆ ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಮೊಟ್ಟೆಯ ಸಿಪ್ಪೆ ಬಿಡಿಸಿದಂತೆ ಅದೂ ಒಂದು. ನಡುವೆ ಕಂದು ಬೊಟ್ಟು, ಸುತ್ತ ಬಿಳಿ ಬಳೆ, ಥೇಟ್ ಹಕ್ಕಿಯ ಕಣ್ಣು. ಸೊಸೆ ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿ ತೆಗೆದು, ಹಣ್ಣನ್ನು ಹೋಳು ಮಾಡಿ ಬಾಣಲೆಗೆ ಹಾಕುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ, "ಇದೇನು ಅತ್ತೆ, ಎಲ್ಲಾ ಹಣ್ಣಿಗೂ ಕಣ್ಣು ಇದೆ?" ಎಂದು ಕೇಳಿದ್ದಳು.

"ಅಂಗಡಿ ಹಣ್ಣಲ್ಲ ಅದು, ಹಿತ್ತಲಿಂದು. ನೀನು ಎಷ್ಟು ಎಣ್ಣೆ ಸುರೀತೀಯ ಅಂತ ನೋಡ್ತಾ ಇದೆ. ಬಾಯಿ ಮುಚ್ಚಿಕೊಂಡು ಹೆಚ್ಚು" ಎಂದಿದ್ದಳು ಅತ್ತೆ. ಎಲ್ಲರೂ ನಕ್ಕಿದ್ದರು. ಆಮೇಲೆ ಅವಳು ಕೇಳಲಿಲ್ಲ. ಮಗಳು ಹುಟ್ಟಿ, ಬೆಳೆದು, ಕಾಲೇಜಿಗೆ ಹೋಗಿ, ನರ್ಸರಿಯ ವ್ಯಾನು ಓಡಿಸುವಷ್ಟು ದೊಡ್ಡವಳಾದರೂ ಹಣ್ಣಿನ ಕಣ್ಣು ಕೆರೆಯುವುದು ನಿಂತಿರಲಿಲ್ಲ.

ಆ ಮನೆಯವರದ್ದು ತರಕಾರಿ ಸಸಿಗಳ ನರ್ಸರಿ. ಮನೆಯ ಮುಂದೆ ನೆರಳು ಬಲೆಯ ಉದ್ದನೆಯ ಚಪ್ಪರ, ಅದರಡಿ ಕಬ್ಬಿಣದ ಮೇಜುಗಳ ಮೇಲೆ ಸಾಲುಸಾಲು ಟ್ರೇ. ಟೊಮೆಟೊ ಹೆಚ್ಚು, ಮೆಣಸಿನಕಾಯಿ ಬದನೆ ಅಷ್ಟಿಷ್ಟು. ಮನೆಯ ಹಿಂದೆ ಹಿತ್ತಲು. ಮಾರಾಟವಾಗದೆ ಉಳಿದ ಸಸಿ, ಟ್ರೇಯ ಮೂಲೆಯಲ್ಲಿ ಸೊಟ್ಟಗೆ ಬೆಳೆದ ಸಸಿ, ಗಿರಾಕಿ ಬೇಡವೆಂದು ಎತ್ತಿಟ್ಟ ಸಸಿ, ಯಾವುದನ್ನೂ ಅತ್ತೆ ಬಿಸಾಡಲು ಬಿಡುತ್ತಿರಲಿಲ್ಲ. ಎಲ್ಲ ಹಿತ್ತಲಿಗೆ ಹೋಗುತ್ತಿದ್ದವು. ಮೊಮ್ಮಗಳು ಅದಕ್ಕೆ 'ಅಜ್ಜಿಯ ಅನಾಥಾಶ್ರಮ' ಎಂದು ಹೆಸರಿಟ್ಟಿದ್ದಳು. ಹೋದ ವರ್ಷದ ಗಿಡ, ಅದರ ಹಿಂದಿನ ವರ್ಷದ ಗಿಡದಿಂದ ಬೀಜ ಬಿದ್ದು ಎದ್ದ ಗಿಡ, ನಡುನಡುವೆ ಕಪ್ಪು ಹಣ್ಣು ಬಿಡುವ ಗಣಿಕೆ ಗಿಡಗಳು, ಎಲ್ಲ ಒಂದರ ಮೇಲೊಂದು ಕೈ ಹಾಕಿಕೊಂಡು ನಿಂತಿದ್ದವು. ಕಳೆ ಕೀಳಲು ಯಾರಾದರೂ ಹೋದರೆ ಅತ್ತೆ ಅಡ್ಡ ಬರುತ್ತಿದ್ದಳು. "ಇರಲಿ ಬಿಡು, ಅದೂ ಟೊಮೆಟೊ ಜಾತಿಯದ್ದೇ. ನೆಂಟ ಅಂದ್ಕೊ."

ಅವಳ ಹಟಕ್ಕೆ ಕಾರಣವಿತ್ತು. ಗಂಡ ಸತ್ತಾಗ ಕಂಕುಳಲ್ಲಿ ಮಗು, ಕೈಯಲ್ಲಿ ಏನೂ ಇಲ್ಲ. ಯಾವುದೋ ದೊಡ್ಡ ನರ್ಸರಿಯವರು ಗುಂಡಿಗೆ ಸುರಿದ ಸಸಿಗಳನ್ನು ಆರಿಸಿ ತಂದು ನೆಟ್ಟು, ಬದುಕಿಸಿ, ಮಾರಿದವಳು ಅವಳು. ಆ ಗುಂಡಿಯಿಂದ ಬಂದದ್ದು ಈ ಚಪ್ಪರ, ಈ ಮನೆ, ಈ ವ್ಯಾನು. ಸಸಿ ಬಿಸಾಡಿದರೆಂದರೆ ಅವಳಿಗೆ ಮೈಮೇಲೆ ದೇವರು ಬಂದಂತಾಗುತ್ತಿತ್ತು.

ಗಿರಾಕಿಗಳು ಬರುತ್ತಿದ್ದದ್ದು ಅವಳ ಕೈಗಾಗಿ. ದಿನಾ ಬೆಳಿಗ್ಗೆ ಅತ್ತೆ ಮೊದಲು ಹಿತ್ತಲಿಗೆ ಹೋಗಿ ಅನಾಥರನ್ನು ಮಾತಾಡಿಸುವಳು. ಚಿಗುರು ಚಿವುಟಿ, ಹಣ್ಣು ಬಿಡಿಸಿ, ಬಿದ್ದ ಕೊಂಬೆಗೆ ಕೋಲು ಕೊಟ್ಟು, ಹಸಿರು ಹತ್ತಿದ ಕೈಯಲ್ಲೇ ಚಪ್ಪರಕ್ಕೆ ಬರುವಳು. ಅಲ್ಲಿ ಒಂದೊಂದು ಟ್ರೇಯ ಮೇಲೂ, ಮಗುವಿನ ತಲೆ ನೇವರಿಸಿದಂತೆ, ಅಂಗೈ ಸವರಿಕೊಂಡು ಹೋಗುವಳು. ಹೀಗೆ ಸವರಿಸಿಕೊಂಡ ಸಸಿ ಉದ್ದಕ್ಕೆ ಸೊರಗುವುದಿಲ್ಲ, ಗಿಡ್ಡಗೆ, ದಪ್ಪ ಕಾಂಡದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದು ನಿಜ, ಪುಸ್ತಕದವರೂ ಒಪ್ಪುವ ನಿಜ. ಆದರೆ ಗಿರಾಕಿಗಳಿಗೆ ಪುಸ್ತಕ ಬೇಕಿರಲಿಲ್ಲ. "ಅಜ್ಜಿ ಕೈ ಸವರಿದ ಸಸಿ ಕೊಡಿ" ಎಂದು ಕೇಳಿ ಒಯ್ಯುತ್ತಿದ್ದರು. ಟ್ರೇ ವ್ಯಾನು ಹತ್ತುವ ಮುಂಚೆ ಅವಳು ಇನ್ನೊಮ್ಮೆ ಸವರಲೇಬೇಕು, ಇಲ್ಲದಿದ್ದರೆ ಕೆಲವರು ಹಣವನ್ನೇ ಹೊರಗೆ ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೊಸೆಯ ಅಣ್ಣ ಬಂದ. ಊರ ಆಚೆ ಬದಿಯಲ್ಲಿ ಟೊಮೆಟೊ ಬೆಳೆಯುವವನು. ಸಸಿ ಒಯ್ದಿದ್ದು ತಂಗಿಯ ಮನೆಯಿಂದಲೇ. ಚಪ್ಪಲಿ ಬಿಡದೆ ಒಳಗೆ ಬಂದು, ಪೇಪರಿನಲ್ಲಿ ಸುತ್ತಿದ್ದ ಒಂದು ಇಡೀ ಗಿಡವನ್ನು ತಟ್ಟೆಗಳ ನಡುವೆ ಇಟ್ಟ.

"ಊಟ ಮಾಡ್ತಿದ್ದೀರಾ? ಮಾಡಿ, ಮಾಡಿ. ನನ್ನ ಹೊಲದ ಊಟ ಮುಗೀತು."

"ಬೇರು ತಟ್ಟೆಗೆ ಬಿತ್ತಲ್ಲಪ್ಪ" ಎಂದಳು ಅತ್ತೆ.

"ಬೀಳಲಿ ಅಮ್ಮ. ನಿಮ್ಮದೇ ಗಿಡ, ನಿಮ್ಮ ಮನೆಗೆ ವಾಪಸ್ ಬಂದಿದೆ. ನೋಡಿ, ಒಂದು ಕಡೆ ಎಲೆ ಬಾಡಿದೆ, ಇನ್ನೊಂದು ಕಡೆ ಹಸಿರು. ಅರ್ಧ ಮೈಗೆ ಲಕ್ವ ಹೊಡೆದ ಹಾಗೆ. ಅಂಚೆಲ್ಲ ಸುಟ್ಟಿದೆ. ನೀರು ಕಮ್ಮಿ ಅಂತ ನೀರು ಬಿಟ್ಟೆ. ನೀರು ಹೆಚ್ಚು ಅಂತ ನಿಲ್ಲಿಸಿದೆ. ಸಾಲು ಸಾಲೇ ಹೋಗ್ತಿದೆ."

ಅವನು ಜೇಬಿನಿಂದ ಚಾಕು ತೆಗೆದು ಕಾಂಡವನ್ನು ಉದ್ದಕ್ಕೆ ಸೀಳಿದ. ಬಿಳಿಯ ತಿರುಳಿನ ಪಕ್ಕದಲ್ಲಿ ಕಂದು ಗೆರೆ, ತುಕ್ಕು ಹಿಡಿದ ತಂತಿಯಂತೆ ಮೇಲಿನಿಂದ ಕೆಳಗಿನವರೆಗೆ.

ಸೊಸೆಯ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬೀಜದ್ದು ಇರಬೇಕು ಭಾವ. ಕಂಪನಿಯವರು ಈಗ ಏನೇನೋ ಕಳಿಸ್ತಾರೆ."

"ಬೀಜ ಬಿತ್ತಿದ್ದು ಯಾರು? ನಾನಾ?"

"ನಿಮ್ಮ ಮಣ್ಣಲ್ಲೂ ಇರಬಹುದಲ್ಲ."

"ಮಣ್ಣಾ?" ಅಣ್ಣ ನಕ್ಕ. ಕೇಳಿದವರಿಗೆ ಹಲ್ಲು ಜುಮ್ಮೆನ್ನುವ ನಗು. "ಆ ಮಣ್ಣು ನನ್ನನ್ನ ಸಾಕಿದೆ ಭಾವ. ನಿಮ್ಮ ಸಸಿ ಬಂದ ಮೇಲೆ ಸಾಯಿಸ್ತಿದೆ."

ಹೊರಡುವಾಗ ಅವನು ಚೀಲದಿಂದ ನಾಲ್ಕು ಹಣ್ಣು ತೆಗೆದು ತಂಗಿಯ ಕೈಗಿಟ್ಟ. "ಉಳಿದಿದ್ದು ಇಷ್ಟು. ತಗೋ, ತವರಿನ ಉಡುಗೊರೆ." ಸೊಸೆ ಹಣ್ಣು ನೋಡಿದಳು. ಕಂದು ಬೊಟ್ಟು, ಬಿಳಿ ಬಳೆ. ಹಕ್ಕಿಯ ಕಣ್ಣು ಅವಳನ್ನೇ ನೋಡುತ್ತಿತ್ತು.

ಅವಳು ಅಡುಗೆಮನೆಗೆ ಹೋಗಿ, ಬೆಳಿಗ್ಗೆ ಅತ್ತೆ ಹಿತ್ತಲಿನಿಂದ ತಂದ ಬುಟ್ಟಿಯ ಹಣ್ಣೊಂದನ್ನು ಎತ್ತಿ ಪಕ್ಕದಲ್ಲಿಟ್ಟಳು. ಒಂದೇ ಕಣ್ಣು. ಹಿತ್ತಲಿಗೆ ನಡೆದು ಗಟ್ಟಿಮುಟ್ಟಾಗಿ ಕಂಡ ಹಳೆಯ ಗಿಡದ ಒಂದು ಕೊಂಬೆ ಮುರಿದು ಸೀಳಿದಳು. ಗೆರೆ ಇತ್ತು. ತೆಳುವಾಗಿ, ಆದರೆ ಇತ್ತು.

ಮರುದಿನ ಅವಳು ಬೆಳೆರೋಗ ಪರೀಕ್ಷಾಲಯಕ್ಕೆ ಹೋದಳು. ಮೈಗೆ ಬಿಳಿ ಕೋಟು ಹಾಕಿದ್ದ ಹೆಂಗಸೊಬ್ಬಳು ಅಣ್ಣನ ಗಿಡ, ಹಿತ್ತಲಿನ ಹಣ್ಣು, ಕೊಂಬೆ ಎಲ್ಲ ತೆಗೆದುಕೊಂಡು, ವಿಳಾಸ ಕೇಳಿದ ಮೇಲೆ ಮುಖ ಮೇಲೆತ್ತಿದಳು.

"ಹೋದ ವರ್ಷ ನಿಮ್ಮ ಮನೆಯವರು ಬಂದಿದ್ರಲ್ಲ?"

"ಯಾರು?"

"ನರ್ಸರಿ ಮಾಲೀಕರು. ಇದೇ ಥರ ಗಿಡ ತಂದಿದ್ರು, ಯಾರೋ ಗಿರಾಕಿ ಜಗಳ ಮಾಡಿದ್ರು ಅಂತ. ಬ್ಯಾಕ್ಟೀರಿಯಾ ರೋಗ, ಗಿಡದ ನರದೊಳಗೆ ಕೂರುತ್ತೆ ಅಂದಿದ್ದೆ. ಸಸಿಯಲ್ಲಿ ಏನೂ ಕಾಣಲ್ಲ. ವಾರಗಟ್ಟಲೆ ಹಸಿರಾಗೇ ಇರುತ್ತೆ, ಹೊಲಕ್ಕೆ ಹೋದ ಮೇಲೆ ಬಣ್ಣ ತೋರಿಸುತ್ತೆ. ಬೆಳೆ ಕಳಕೊಂಡವರು ಮಣ್ಣು, ನೀರು ಸರಿಯಿಲ್ಲ ಅಂದ್ಕೊಂಡು ಬಿಟ್ಟುಬಿಡ್ತಾರೆ. ನಿಮ್ಮ ಜಾಗದಲ್ಲಿ ತಾನಾಗಿ ಎದ್ದ ಟೊಮೆಟೊ ಗಿಡ, ಗಣಿಕೆ ಥರದ ಕಳೆ ಇದ್ರೆ ಎಲ್ಲ ಕಿತ್ತು ಹಾಕಿ, ಒಂದು ಬೆಳೆಯಿಂದ ಇನ್ನೊಂದು ಬೆಳೆವರೆಗೆ ಅದು ಅಲ್ಲೇ ಹೊಟ್ಟೆ ಹೊರಕೊಳ್ಳುತ್ತೆ ಅಂತಾನೂ ಹೇಳಿದ್ದೆ. ಕಳೆ ಗಿಡ ನೋಡೋಕೆ ಚೆನ್ನಾಗೇ ಇರುತ್ತೆ, ಅದೇ ಮೋಸ. ಕಿತ್ತಿಲ್ವಾ?"

ಇಲ್ಲವೆಂದು ತಲೆಯಾಡಿಸಿ ಸೊಸೆ ಕೇಳಿದಳು, "ಹರಡೋದು ಹೇಗೆ?"

"ಕತ್ತರಿ, ಚಾಕು, ಹಾರೋ ನೀರಹನಿ. ಎಲ್ಲಕ್ಕಿಂತ ಹೆಚ್ಚು ಕೈ. ರೋಗದ ಗಿಡ ಮುಟ್ಟಿದ ಕೈಯಲ್ಲಿ ಒದ್ದೆ ಸಸಿ ಮುಟ್ಟಿದ್ರೆ ಮುಗೀತು."

"ಇಷ್ಟು ವರ್ಷ ಆ ಹಣ್ಣು ತಿಂದಿದ್ದೀವಿ."

"ಮನುಷ್ಯರಿಗೆ ಏನೂ ಆಗಲ್ಲ. ಅದಕ್ಕೆ ಬೇಕಾಗಿರೋದು ಟೊಮೆಟೊ, ನೀವಲ್ಲ." ಅವಳು ಚೀಟಿ ಅಂಟಿಸುತ್ತಾ ಹೇಳಿದಳು, "ಈಗ ಮಾರಾಟಕ್ಕಿರೋ ಸಸಿಯ ಎಲೆಗಳನ್ನೂ, ಆ ಕಳೆಯನ್ನೂ ತಂದುಕೊಡಿ. ನಿಧಾನಕ್ಕೆ ಬೆಳೆಯೋ ಬ್ಯಾಕ್ಟೀರಿಯಾ, ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಒಂದು ಟ್ರೇನೂ ಹೊರಗೆ ಹೋಗಬಾರದು."

ಮನೆಗೆ ಬಂದಾಗ ಗಂಡ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಚಪ್ಪರದೊಳಗೆ ನಿಂತಿದ್ದ. ನೀಲಿ ಬಣ್ಣದ ತಾಮ್ರದ ಔಷಧಿ ಎಲೆಗಳ ಮೇಲೆ ತೆಳ್ಳಗೆ ಕೂರುತ್ತಿತ್ತು. ಒಂದು ವರ್ಷದಿಂದ ಅವನು ವಾರ ತಪ್ಪದೆ ಹೊಡೆಯುತ್ತಿದ್ದ. 'ಮುನ್ನೆಚ್ಚರಿಕೆ' ಎಂದು ಹೇಳುತ್ತಿದ್ದ. ಅವಳು ನೀರಿನ ನಲ್ಲಿಯ ಬಳಿ ನಿಂತು ಅವನು ಸಾಲು ಮುಗಿಸುವವರೆಗೆ ಕಾದಳು.

"ಯಾರಿಗೆ ಹೊಡೀತಿದ್ದೀರಿ ಔಷಧಿ? ಗಿಡಕ್ಕಾ, ನಮ್ಮ ಕಣ್ಣಿಗಾ?"

"ಏನೇ ಅದು?"

"ಹೋದ ವರ್ಷ ಪರೀಕ್ಷಾಲಯಕ್ಕೆ ಹೋಗಿದ್ರಂತೆ."

ಅವನು ಸ್ಪ್ರೇಯರ್ ಕೆಳಗಿಟ್ಟ. ಪಟ್ಟಿ ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ಹೋಗಿದ್ದೆ."

"ಗೊತ್ತಿದ್ದೂ ನಮ್ಮಣ್ಣನಿಗೆ ಸಸಿ ಕೊಟ್ರಿ."

"ಗೊತ್ತಿತ್ತು ಅಂದ್ರೆ... ಎಲ್ಲಾ ಟ್ರೇಗೂ ಬರುತ್ತೆ ಅಂತ ಯಾರು ಹೇಳಿದ್ರು? ಔಷಧಿ ಹೊಡೆದ್ರೆ ನಿಲ್ಲುತ್ತೆ ಅಂದ್ಕೊಂಡೆ."

"ಅಂದ್ಕೊಂಡ್ರಿ! ಒಳಗಿನ ನರದಲ್ಲಿ ಕೂತಿರೋದಕ್ಕೆ ಮೇಲಿಂದ ಬಣ್ಣ ಹೊಡೆದ್ರಿ. ಹಿತ್ತಲು ಕೀಳೋಕೆ ಹೇಳಿದ್ರಲ್ಲ ಅವರು, ಒಂದು ಬೆಳಿಗ್ಗೆ ಕೆಲಸ. ಯಾಕೆ ಕೀಳಲಿಲ್ಲ?"

"ಅಮ್ಮನಿಗೆ ಹೇಗೆ ಹೇಳಲಿ?" ಅವನ ದನಿ ಇದ್ದಕ್ಕಿದ್ದಂತೆ ಏರಿತು. "ನಿನ್ನ ಗಿಡಗಳಿಂದ ಊರೆಲ್ಲ ರೋಗ ಅಂತಲಾ? ಆ ಕೈಯಿಂದಲೇ ಹರಡ್ತಿದೆ ಅಂತಲಾ? ಆ ಕೈ ಬಿಟ್ರೆ ಅವಳಿಗೆ ಇನ್ನೇನಿದೆ? ಸತ್ತುಹೋಗ್ತಾಳೆ ಕಣೇ."

"ಅತ್ತೆ ಸಾಯಬಾರದು ಅಂತ ನಮ್ಮಣ್ಣನ ಹೊಲ ಸಾಯಿಸಿದ್ರಾ?"

"ಹೊಲ ಇನ್ನೊಂದು ವರ್ಷ ಬರುತ್ತೆ."

ಅವಳಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನಿಸಿತು. ಸಿಕ್ಕಿದ್ದು ನೀರಿನ ಪೈಪು. ಅದನ್ನು ನೆಲಕ್ಕೆ ಹಾಕಿ, "ನೀವೇ ಹೇಳಿ. ಈ ವಾರ ಮುಗಿಯೋದರೊಳಗೆ. ಇಲ್ಲ ಅಂದ್ರೆ ನಾನು ಹೇಳ್ತೀನಿ, ನನಗೆ ಹೇಳೋಕೆ ಬರೋ ಹಾಗೆ" ಎಂದಳು.

ವಾರ ಮುಗಿಯಿತು. ಅವನು ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಾಗ ಹವಾಮಾನದ ಬಗ್ಗೆ, ಪಕ್ಕದ ಬೀದಿಯ ಬೇಕರಿಯ ಬಗ್ಗೆ, ವ್ಯಾನಿನ ಬ್ರೇಕಿನ ಬಗ್ಗೆ ಮಾತಾಡಿದ. ಇಷ್ಟು ಮಾತಾಡುವವನೇ ಅಲ್ಲ. ಮಗಳು ಒಮ್ಮೆ, "ಅಪ್ಪ, ರೇಡಿಯೊ ನುಂಗಿದ್ದೀರಾ?" ಎಂದು ಕೇಳಿದಳು.

ಸೊಸೆ ಹೇಳಿದ್ದು ಒಂದು ಬೆಳಿಗ್ಗೆ, ಚಹಾ ಸೋಸುತ್ತಾ. ಅತ್ತೆ ಆಗಷ್ಟೇ ಹಿತ್ತಲಿನಿಂದ ಬಂದು ಬುಟ್ಟಿ ಇಳಿಸಿ, ಚಪ್ಪರದ ಕಡೆ ಹೊರಟಿದ್ದಳು. ಬೆರಳುಗಳ ಮೇಲೆ ಟೊಮೆಟೊ ಎಲೆಯ ಹಸಿರು, ಉಗುರಿನ ಸಂದಿಯಲ್ಲಿ ಕಪ್ಪು.

"ಅತ್ತೆ, ಟ್ರೇ ಮುಟ್ಟಬೇಡಿ. ಕೂತ್ಕೊಳ್ಳಿ."

ಪರೀಕ್ಷಾಲಯದ ಹೆಂಗಸು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಗಂಡನಿಗೆ ಮೊದಲೇ ಗೊತ್ತಿತ್ತು ಎಂಬುದೊಂದನ್ನು ಮಾತ್ರ ನುಂಗಿಕೊಂಡಳು. ಅದು ಅವನ ಬಾಯಿಂದಲೇ ಬರಬೇಕೆಂದು ಅವಳ ಹಟ. ಅವನು ಬಾಗಿಲಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದ.

ಅತ್ತೆ ಪೂರ್ತಿ ಕೇಳಿದಳು. ಲೋಟ ಎತ್ತಿಕೊಳ್ಳಲಿಲ್ಲ.

"ನಿಮ್ಮಣ್ಣನಿಗೆ ನೀರು ಕಟ್ಟೋಕೆ ಬರಲ್ಲ. ಅದಕ್ಕೆ ನನ್ನ ಕೈ ಬೇಕಾಯ್ತಾ?"

"ಅಣ್ಣನ ಮಾತು ಬಿಡಿ. ಹಿತ್ತಲಿನ ಗಿಡ ಸೀಳಿ ನೋಡಿದ್ದೀನಿ ನಾನು."

"ನನ್ನ ಗಿಡ ಸೀಳಿದೆಯಾ? ಯಾರನ್ನ ಕೇಳಿ ಸೀಳಿದೆ?"

"ಅತ್ತೆ, ಹಣ್ಣಿನ ಮೇಲೆ ಇರೋ ಚುಕ್ಕೆ..."

"ಆ ಚುಕ್ಕೆ ತಿಂದೇ ನಿನ್ನ ಗಂಡ ಗಂಡಸಾಗಿದ್ದು! ಆ ಚುಕ್ಕೆ ತಿಂದೇ ನಿನ್ನ ಮಗಳು ಇಷ್ಟೆತ್ತರ ಆಗಿದ್ದು! ಊರವರೆಲ್ಲ ಸಾಲಲ್ಲಿ ನಿಂತು ಅಜ್ಜಿ ಕೈ, ಅಜ್ಜಿ ಕೈ ಅಂತಾರೆ. ಮನೆ ಸೊಸೆಗೆ ಮಾತ್ರ ಅದರಲ್ಲಿ ಹುಳ ಕಾಣುತ್ತೆ. ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ ಅನ್ನು."

"ಹೊಟ್ಟೇಲಿ ಏನೂ ಇಟ್ಕೊಂಡಿರಲಿಲ್ಲ. ಈಗ ಇದೆ. ತುಂಬಾ ಇದೆ."

"ಮುಖ ತೋರಿಸಬೇಡ ನನಗೆ."

ಅತ್ತೆ ಎದ್ದು ಸೀದಾ ಚಪ್ಪರಕ್ಕೆ ಹೋದಳು. ಕಿಟಕಿಯಿಂದ ಎಲ್ಲರಿಗೂ ಕಾಣುವಂತೆ ಒಂದೊಂದೇ ಟ್ರೇ ಸವರಿದಳು. ಇಬ್ಬನಿಗೆ ಒದ್ದೆಯಾಗಿದ್ದ ಎಲೆಗಳು ಅವಳ ಅಂಗೈ ಕೆಳಗೆ ಬಾಗಿ, ಮತ್ತೆ ಎದ್ದು ನಿಂತವು. ಆ ದಿನ ಅವಳ ಕೈ ಎಂದಿಗಿಂತ ನಿಧಾನವಾಗಿ ನಡೆಯಿತು. ಮಗಳು ಕಿಟಕಿಯ ಬಳಿ ನಿಂತು, "ಅಮ್ಮ, ನೀನು ಹೇಳದೆ ಇದ್ದಿದ್ರೆ ಇಷ್ಟೊಂದು ಸವರ್ತಿರಲಿಲ್ಲ" ಎಂದಳು. ಸೊಸೆ ಅವಳ ಕಡೆ ನೋಡಿದ ನೋಟಕ್ಕೆ ಹುಡುಗಿ ಕಿಟಕಿ ಬಿಟ್ಟು ಸರಿದಳು.

ಅಂದಿನಿಂದ ಮನೆಯಲ್ಲಿ ಎರಡು ಅಡುಗೆ. ಅತ್ತೆ ಒಲೆಯ ಇನ್ನೊಂದು ಉರಿಯ ಮೇಲೆ ತನಗೆ ಬೇಕಾದಷ್ಟು ಅನ್ನ ಇಟ್ಟುಕೊಂಡು, ಹಿತ್ತಲಿನ ಟೊಮೆಟೊ ಚುಕ್ಕೆ ಸಮೇತ ಬೇಯಿಸಿಕೊಂಡು, ತನ್ನ ಕೋಣೆಯಲ್ಲಿ ಕೂತು ತಿನ್ನುತ್ತಿದ್ದಳು. ಪಾತ್ರೆ ತೊಳೆದು ಬೇರೆ ಇಡುತ್ತಿದ್ದಳು. ಮಾತೆಲ್ಲ ಮೊಮ್ಮಗಳ ಮೂಲಕ.

"ನಿಮ್ಮಮ್ಮನಿಗೆ ಹೇಳು, ಉಪ್ಪಿನ ಡಬ್ಬಿ ಮುಚ್ಚಿಡಲಿ."

"ಅಮ್ಮ ಇಲ್ಲೇ ಇದ್ದಾಳೆ ಅಜ್ಜಿ, ಎರಡು ಅಡಿ ದೂರ."

"ನನಗೆ ಕಾಣಲ್ಲ. ಕಣ್ಣಿಗೂ ರೋಗ ಇರಬಹುದು, ಅದನ್ನೂ ಒಯ್ದು ತೋರಿಸಲಿ."

ಸೊಸೆಯೂ ಬಗ್ಗಲಿಲ್ಲ. ಬೆಳೆದು ನಿಂತಿದ್ದ ಟ್ರೇಗಳ ಎಲೆ, ಹಿತ್ತಲಿನ ಗಣಿಕೆ ಸೊಪ್ಪು, ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ಪರೀಕ್ಷಾಲಯಕ್ಕೆ ಕೊಟ್ಟು ಬಂದಳು. ಗಿರಾಕಿಗಳ ಫೋನು ಬಂದರೆ ತಾನೇ ಎತ್ತಿ, "ಇನ್ನೂ ಸಿದ್ಧವಾಗಿಲ್ಲ" ಎಂದು ಇಡುತ್ತಿದ್ದಳು. ಸುಳ್ಳು ಎಂದು ಎಲ್ಲರಿಗೂ ಗೊತ್ತಿತ್ತು. ಸಸಿಗಳು ಸಿದ್ಧವಾಗಿ, ಟ್ರೇಯ ಗುಳಿಯಲ್ಲಿ ಬೇರು ಸುತ್ತಿಕೊಂಡು, ನೆಲ ಕೇಳುತ್ತಿದ್ದವು. ನೋಡಲು ಎಷ್ಟು ಚೆನ್ನಾಗಿದ್ದವೆಂದರೆ ಅವಳಿಗೇ ಕೆಲವೊಮ್ಮೆ ಅನುಮಾನ ಬರುತ್ತಿತ್ತು. ಗಿಡ್ಡ, ದಪ್ಪ, ಕಡು ಹಸಿರು. ಒಂದು ಎಲೆಯಲ್ಲೂ ಕಲೆಯಿಲ್ಲ.

ಗಂಡ ಅದನ್ನೇ ಹಿಡಿದುಕೊಂಡ. "ನೋಡು ಸರಿಯಾಗಿ. ಇದರಲ್ಲಿ ರೋಗ ಇದೆಯಾ? ತೋರಿಸು. ಈ ಹಂಗಾಮು ಹೋದ್ರೆ ಮುಂದಿನ ಬೀಜಕ್ಕೆ, ಮನೆಗೆ, ಅವಳ ಕಾಲೇಜಿಗೆ ಎಲ್ಲಿಂದ ತರ್ತೀಯ?"

"ನನ್ನ ಕಾಲೇಜನ್ನ ಮಧ್ಯೆ ತರಬೇಡಿ" ಎಂದಳು ಮಗಳು. "ನಾನು ಮಾವನ ಹೊಲ ನೋಡಿ ಬಂದೆ. ಬೆಳೆಗೆ ಬೆಂಕಿ ಹಚ್ಚಿದ ಹಾಗಿದೆ. ಮಾವ ಬದುವಿನ ಮೇಲೆ ಕೂತಿದ್ರು. 'ಬಾ ಪುಟ್ಟಿ, ಹೊಸ ಸಸಿ ತಂದೆಯಾ?' ಅಂತ ಕೇಳಿದ್ರು. ನಗ್ತಾ ಕೇಳಿದ್ರು. ನನಗೆ ಎಲ್ಲಿ ನೋಡಬೇಕು ಗೊತ್ತಾಗಲಿಲ್ಲ."

"ದೊಡ್ಡವರ ಮಾತಲ್ಲಿ ನೀನು ಬರಬೇಡ."

"ವ್ಯಾನು ಓಡಿಸೋಕೆ ಮಾತ್ರ ಬರಬೇಕಾ?"

ಅವನು ತಟ್ಟೆ ತಳ್ಳಿ ಎದ್ದುಹೋದ. ಅರ್ಧ ತಿಂದ ರೊಟ್ಟಿ ಅಲ್ಲೇ ಉಳಿಯಿತು. ಸೊಸೆ ಅದನ್ನು ಎತ್ತಲಿಲ್ಲ. ಮಾರನೆಯ ದಿನ ಊಟಕ್ಕೆ ಬಂದಾಗಲೂ ತಟ್ಟೆ ಅದೇ ಜಾಗದಲ್ಲಿತ್ತು, ರೊಟ್ಟಿಯ ಮೇಲೆ ಇರುವೆ. ಅವನು ನೋಡಿದ. ಅವಳೂ ನೋಡಿದಳು. ಕೊನೆಗೆ ಅವನೇ ತೊಳೆದ.

ಪರೀಕ್ಷಾಲಯದ ಫೋನು ಬಂದ ಬೆಳಿಗ್ಗೆ ಸೊಸೆ ಅಂಗಡಿಯಲ್ಲಿ ಸಾಬೂನು ಕೊಳ್ಳುತ್ತಿದ್ದಳು. ಟ್ರೇಗಳ ಎಲೆಯಲ್ಲಿ ಸಿಕ್ಕಿದೆ. ಗಣಿಕೆ ಗಿಡದಲ್ಲಿ ಸಿಕ್ಕಿದೆ, ಮೈಮೇಲೆ ಒಂದು ಗುರುತಿಲ್ಲದಿದ್ದರೂ. ಅವಳು ಸಾಬೂನನ್ನು ಕಟ್ಟೆಯ ಮೇಲೆಯೇ ಬಿಟ್ಟು ಮನೆಯ ಕಡೆ ಓಡುನಡಿಗೆಯಲ್ಲಿ ಬಂದಳು.

ಗೇಟಿನ ಹತ್ತಿರ ವ್ಯಾನು ನಿಂತಿತ್ತು. ಹಿಂದಿನ ಬಾಗಿಲು ತೆರೆದು, ಒಳಗೆ ಟ್ರೇಗಳ ಅಟ್ಟಿ. ಗಂಡ ಕೊನೆಯ ಟ್ರೇ ಎತ್ತಿಡುತ್ತಿದ್ದ. ಮಗಳು ಚಾಲಕನ ಸೀಟಿನಲ್ಲಿ ಕೂತಿದ್ದಳು, ಎರಡೂ ಕೈ ಸ್ಟೀರಿಂಗ್ ಮೇಲೆ, ಮುಖ ಬಿಗಿದು.

"ಇಳಿಸಿ" ಎಂದಳು ಸೊಸೆ.

"ದಾರಿ ಬಿಡು."

"ಫೋನು ಬಂತು. ಇದರಲ್ಲೇ ಇದೆ. ಇದೇ ಟ್ರೇಗಳಲ್ಲಿ."

"ಅವರು ಹೇಳಿದ್ದೆಲ್ಲ ವೇದವಾ? ಒಂದು ಎಲೆ ತಗೊಂಡುಹೋಗಿ ಸಾವಿರ ಎಲೆಗೆ ತೀರ್ಪು ಕೊಡ್ತಾರೆ." ಅವನು ಬಾಗಿಲು ಬಡಿದ. "ಹೊರಡು ಪುಟ್ಟಿ."

ಮಗಳು ಕೀ ತಿರುಗಿಸಿದಳು. ಎಂಜಿನು ಹತ್ತಿತು. ಸೊಸೆ ವ್ಯಾನಿನ ಮುಂದೆ ಬಂದು ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಊರಿ ನಿಂತಳು. ತಾಯಿ ಮಗಳು ಗಾಜಿನ ಆಚೆ ಈಚೆ ಒಬ್ಬರನ್ನೊಬ್ಬರು ನೋಡಿದರು. ಎಂಜಿನು ಆರಿತು. ಮಗಳು ಕೆಳಗಿಳಿದು, ಕೀಯನ್ನು ಹಿಡಿ ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡಳು.

"ಕೊಡು ಇಲ್ಲಿ" ಎಂದ ಅಪ್ಪ.

"ಕೊಡಲ್ಲ."

"ಏನದು ಬೀದಿಯಲ್ಲಿ ನಾಟಕ?" ಹಿತ್ತಲಿನ ಕಡೆಯಿಂದ ಅತ್ತೆ ಬಂದಳು. ಕೈಗಳು ಒದ್ದೆ. ಕೊನೆಯ ಸವರುವಿಕೆಗೆಂದೇ ಬಂದವಳು. "ನಾನು ಕೈ ಇಡೋ ಮುಂಚೆ ಬಾಗಿಲು ಯಾರು ಮುಚ್ಚಿದ್ದು?"

"ಅಮ್ಮ, ನೀನು ಒಳಗೆ ಹೋಗು. ಇವಳಿಗೆ ಪರೀಕ್ಷಾಲಯದವರು ತಲೆ ಕೆಡಿಸಿದ್ದಾರೆ."

"ಹೋದ ವರ್ಷ ನಿಮ್ಮ ತಲೆ ಯಾಕೆ ಕೆಡಲಿಲ್ಲ ಅಪ್ಪ?" ಎಂದಳು ಮಗಳು. ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಬಂತು. "ನಿಮಗೂ ಇದನ್ನೇ ಹೇಳಿದ್ರಂತಲ್ಲ. ನಾನೂ ಹೋಗಿ ಕೇಳಿಕೊಂಡು ಬಂದೆ."

ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿಕೊಂಡು ಹೋದ. ಅತ್ತೆ ಮಗನ ಕಡೆ ತಿರುಗಿದಳು.

"ಏನು ಹೇಳಿದ್ರು ನಿನಗೆ?"

ಅವನು ವ್ಯಾನಿನ ಬಾಗಿಲ ಹಿಡಿಕೆ ಹಿಡಿದುಕೊಂಡ.

"ನಿನ್ನನ್ನೇ ಕೇಳ್ತಿರೋದು. ಏನು ಹೇಳಿದ್ರು, ಯಾವಾಗ ಹೇಳಿದ್ರು?"

"ಹೋದ ವರ್ಷ. ಹಿತ್ತಲು ಕೀಳಿ ಅಂದ್ರು. ನಿನಗೆ ಹೇಗಮ್ಮ ಹೇಳೋದು? ಆ ಗುಂಡಿಯಿಂದ ಎತ್ತಿ ತಂದ ಸಸಿಯಲ್ಲಿ ನನ್ನನ್ನ ಸಾಕಿದ್ದೀಯ. ನಿನ್ನ ಕೈಯೇ ಕಾರಣ ಅಂತ ನಾನು ಹೇಗೆ..."

"ಯಾರ್ಯಾರಿಗೆ ಮಾರಿದೆ ಆಮೇಲೆ?"

"ಅಮ್ಮ..."

"ಜೇನು ಸಾಕೋನು ಒಯ್ದ, ನನಗೆ ನೆನಪಿದೆ. ಎರಡನೇ ಮದುವೆ ಆದೋಳು ಒಯ್ದಳು. ತೊದಲು ಮಾತಿನ ಮುದುಕ ಎರಡು ಸಲ ಬಂದ. ಎರಡು ಸಲಾನೂ ನಾನು ಕೈ ಸವರಿ ಕೊಟ್ಟೆ, ಚೆನ್ನಾಗಿ ಬರುತ್ತೆ ಹೋಗಪ್ಪ ಅಂದೆ. ಇವಳ ಅಣ್ಣ ಒಯ್ದ. ನನ್ನ ಬಾಯಲ್ಲಿ ಚೆನ್ನಾಗಿ ಬರುತ್ತೆ ಅನ್ನಿಸಿದೆಯಲ್ಲೋ! ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆಯಲ್ಲೋ!"

"ನೀನು ತಡ್ಕೊಳ್ಳಲ್ಲ ಅಂತ..."

"ಯಾರು ತಡ್ಕೊಳ್ಳಲ್ಲ?" ಅತ್ತೆಯ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು. "ನಿಮ್ಮಪ್ಪನ ಹೆಣ ಎತ್ತಿದ ಮಾರನೇ ದಿನ ಇನ್ನೊಬ್ಬರ ಗುಂಡಿಗೆ ಇಳಿದು ಸಸಿ ಆರಿಸಿದೋಳು ನಾನು. ನಾನು ಮಣ್ಣಿನ ಮಡಕೆನಾ? ಒಂದು ಮಾತು ಹೇಳಿದ್ರೆ ಒಡೆದುಹೋಗ್ತಿದ್ನಾ? ಒಂದು ಮಾತು ಹೇಳೋಕೆ ಹೆದರಿ ಊರವರ ಹೊಲ ಒಣಗಿಸಿದೆ. ಹೊರಗಿನಿಂದ ಬಂದೋಳು ಎದುರಿಗೆ ಕೂರಿಸಿಕೊಂಡು ಹೇಳಿದಳು. ಹೊಟ್ಟೇಲಿ ಹುಟ್ಟಿದೋನು ಕದ್ದು ನೀಲಿ ನೀರು ಹೊಡೆದೆ."

ಮಗ ಅಳುತ್ತಿದ್ದ. ಅತ್ತೆ ಅದನ್ನು ನೋಡಿ ಇನ್ನಷ್ಟು ಕೆರಳಿದಳು. "ಕಣ್ಣೀರು ನಿನ್ನ ಹತ್ತಿರಾನೇ ಇಟ್ಕೊ. ಟ್ರೇ ಇಳಿಸು."

ಅವನು ಇಳಿಸಿದ. ಯಾರೂ ಕೈ ಹಚ್ಚಲಿಲ್ಲ. ಚಪ್ಪರದ ಎಲ್ಲ ಟ್ರೇಗಳ ಜೊತೆ ಅವನ್ನೂ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ಬಗ್ಗಿಸಿ, ಬಾಯಿ ಕಟ್ಟಿ, ಚಪ್ಪರದಿಂದ ದೂರ ಆಳದ ಗುಂಡಿ ತೋಡಿ ಹೂಳುವುದಕ್ಕೆ ಅವನೊಬ್ಬನಿಗೇ ಎರಡು ದಿನ ಹಿಡಿಯಿತು.

ಅಷ್ಟರಲ್ಲಿ ಅತ್ತೆ ಹಿತ್ತಲಿಗಿಳಿದಿದ್ದಳು. ಸೊಸೆ ಹೋಗಿ ನೋಡಿದಾಗ ಅರ್ಧ ಹಿತ್ತಲು ಬಯಲಾಗಿತ್ತು. ಮುದುಕಿ ಒಂದೊಂದು ಗಿಡದ ಬುಡ ಹಿಡಿದು, ಬೈದು, ಬೇರು ಸಮೇತ ಕೀಳುತ್ತಿದ್ದಳು. "ಬಾ, ನೀನೂ ಬಾ. ಹೊಟ್ಟೆ ತುಂಬಿತಾ ಇಷ್ಟು ವರ್ಷ? ನೆಂಟ ಅಂದ್ಕೊಂಡಿದ್ದೆ ನಿನ್ನ." ಅದು ಗಣಿಕೆ ಗಿಡಕ್ಕೆ. ಸೊಸೆ ಚೀಲ ಹಿಡಿದು ಬಗ್ಗಿದಳು.

"ದೂರ ನಿಲ್ಲು" ಎಂದಳು ಅತ್ತೆ. ಎಷ್ಟೋ ದಿನಗಳ ನಂತರ ನೇರವಾಗಿ ಅವಳಿಗೇ ಆಡಿದ ಮೊದಲ ಮಾತು. "ನೀನು ಮುಟ್ಟಬೇಡ. ಹೊಸ ಬೀಜ ಹಾಕೋ ಕೈ ಒಂದಾದರೂ ಚೊಕ್ಕವಾಗಿರಲಿ."

"ಒಬ್ಬರೇ ಎಷ್ಟು ಕೀಳ್ತೀರಿ?"

"ಒಬ್ಬಳೇ ನೆಟ್ಟಿದ್ದು." ಅವಳು ತಲೆ ಎತ್ತಲಿಲ್ಲ. "ನಿನ್ನ ಮೇಲೆ ಸಿಟ್ಟು ಹೋಗಿದೆ ಅಂದ್ಕೊಬೇಡ. ನನ್ನ ಗಿಡ ಕೇಳದೆ ಸೀಳಿದೆ ನೀನು."

"ನನ್ನ ಸಿಟ್ಟೂ ಹೋಗಿಲ್ಲ" ಎಂದಳು ಸೊಸೆ. "ಹೇಳಿದ ಮೇಲೂ ಹೋಗಿ ಸವರಿದ್ರಿ ನೀವು."

ಅತ್ತೆಯ ಕೈಯಲ್ಲಿ ಮುಂದಿನ ಗಿಡ ಅರ್ಧಕ್ಕೆ ಮುರಿಯಿತು. ಉಳಿದ ಬೇರಿಗಾಗಿ ಅವಳು ಮಂಡಿಯೂರಿ ಉಗುರಿನಿಂದ ಮಣ್ಣು ಕೆದಕಿದಳು.

ಆ ಹಂಗಾಮು ಮನೆ ಬಿಗಿಯಾಗಿ ನಡೆಯಿತು. ಮೇಜು, ನೆಲ, ಬಳಸಿದ ಟ್ರೇ ಎಲ್ಲ ತೊಳೆದು, ಔಷಧಿಯಲ್ಲಿ ಅದ್ದಿ, ಬಿಸಿಲಿಗೆ ಹಾಕಿದರು. ಮಗಳು ವ್ಯಾನನ್ನು ಬಾಡಿಗೆಗೆ ಓಡಿಸಿದಳು. ಟೊಮೆಟೊ ಇಲ್ಲದ ಅಡುಗೆ ಆಲೂಗಡ್ಡೆ, ಮೊಟ್ಟೆ, ಬೇಳೆಗಳ ನಡುವೆ ಸುತ್ತಿತು. ಅತ್ತೆ ತನ್ನ ಬೇರೆ ಅಡುಗೆ ಬಿಟ್ಟು ಊಟದ ಮೇಜಿಗೆ ಬಂದಳು. ಬಂದವಳು ಮಗನ ಎದುರಿನ ಕುರ್ಚಿಯಲ್ಲಿ ಕೂತಳು, ಅವನ ಮುಖ ನೇರವಾಗಿ ಕಾಣುವ ಹಾಗೆ. ಸೊಸೆಯ ಅಣ್ಣ ಆ ಮನೆಗೆ ಬರಲಿಲ್ಲ.

ಹೊಸ ಸಸಿಗಳು ಎದ್ದವು. ಕೈ ಸವರದ್ದಕ್ಕೆ ಸ್ವಲ್ಪ ಸೊರಗಿ ಉದ್ದವಾದವು. ಆಗ ಸೊಸೆ, ದಿನಾ ಸಾಬೂನು ನೀರಲ್ಲಿ ತೊಳೆದ ಒಂದು ಪ್ಲಾಸ್ಟಿಕ್ ಕೊಳವೆ ಹಿಡಿದು, ಇಬ್ಬನಿ ಆರಿದ ಮೇಲೆ ಟ್ರೇಗಳ ಮೇಲೆ ಎಳೆಯತೊಡಗಿದಳು. ಅತ್ತೆ ಚಪ್ಪರದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನೋಡುತ್ತಿದ್ದಳು. "ಅದು ಸವರೋದಾ? ಗೋಡೆಗೆ ಸುಣ್ಣ ಹೊಡೆದ ಹಾಗಿದೆ. ಮೆತ್ತಗೆ!" ಎಂದು ಅಲ್ಲಿಂದಲೇ ಗದರುವಳು. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಮೊದಲು ಬಂದ ಗಿರಾಕಿ ಆ ತೊದಲು ಮಾತಿನ ಮುದುಕ. ಎರಡು ಟ್ರೇ ಆರಿಸಿ ಹೊರಗೆ ತಂದು ಅತ್ತೆಯ ಮುಂದಿಟ್ಟ.

"ಅ-ಅಜ್ಜಿ, ಒಂದು ಸಲ ಕೈ ಸ-ಸವರಿ ಕೊಡಿ. ಹೋದ ಸಲದ್ದು ಯಾಕೋ ಕೈ ಕೊಡ್ತು. ನನ್ನ ನೆಲಾನೇ ಸ-ಸರಿಯಿಲ್ಲ ಅನ್ನಿಸುತ್ತೆ."

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಿನ್ನ ನೆಲ ಸರಿಯಾಗಿದೆ ಕಣಪ್ಪ. ಏನಾಯ್ತು ಅಂತ ನನ್ನ ಮಗ ಹೇಳ್ತಾನೆ. ಕೇಳಿಸಿಕೊಂಡು, ಆಮೇಲೂ ಬೇಕು ಅನ್ನಿಸಿದ್ರೆ ಒಯ್ಯಿ." ತಿರುಗಿ ಕೂಗಿದಳು, "ಬಾರೋ ಇಲ್ಲಿ. ಹೇಳು."

ಅವನು ಬಂದು ನಿಂತ. ಮುದುಕನ ಮುಖ ನೋಡಲಾರದೆ ಟ್ರೇ ನೋಡುತ್ತಾ ಹೇಳಿದ. ನಮ್ಮ ಸಸಿಯಲ್ಲಿ ರೋಗ ಇತ್ತು, ಹಿತ್ತಲಿನ ಗಿಡದಿಂದ ಬಂದಿತ್ತು, ಈಗ ಎಲ್ಲ ಕಿತ್ತಿದ್ದೀವಿ, ನಿಮ್ಮ ನೆಲದಲ್ಲಿ ಹಳೆಯ ಬೇರು, ಗಣಿಕೆ ಗಿಡ ಉಳಿದಿದ್ದರೆ ಕಿತ್ತುಹಾಕಿ, ಎರಡು ವರ್ಷ ಆ ಜಾಗದಲ್ಲಿ ಟೊಮೆಟೊ ಬೇಡ, ಬೇರೆ ಜಾಗದಲ್ಲಿ ನೆಡಿ. "ಗೊತ್ತಾದ ತಕ್ಷಣ ಎಲ್ಲ ಸರಿಮಾಡಿದ್ವಿ" ಎಂದು ಮುಗಿಸಿದ.

ಅತ್ತೆ ಬಾಯಿ ತೆರೆಯುವ ಮುಂಚೆಯೇ ಚಪ್ಪರದೊಳಗಿನಿಂದ ಸೊಸೆಯ ದನಿ ಬಂತು. ಅವಳು ಬಿತ್ತನೆಯ ಮೇಜಿನ ಮೇಲೆ ಬಗ್ಗಿ, ಗುಳಿಗೊಂದರಂತೆ ಬೀಜ ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ, ತಲೆ ಮೇಲೇಳಲಿಲ್ಲ.

"ಗೊತ್ತಾಗಿದ್ದು ಯಾವಾಗ?"

ಗಂಡ ಟ್ರೇಯ ಅಂಚು ಸರಿಪಡಿಸಿದ. ಮುದುಕ ಅವನನ್ನು, ಅತ್ತೆಯನ್ನು, ಚಪ್ಪರದ ಕತ್ತಲನ್ನು ಒಂದೊಂದಾಗಿ ನೋಡಿದ.

"ಹೇಳು" ಎಂದಳು ಅತ್ತೆ.

"ಹೋದ ವರ್ಷವೇ ಗೊತ್ತಿತ್ತು" ಎಂದ ಅವನು. "ಗೊತ್ತಿದ್ದೇ ನಿಮಗೆ ಕೊಟ್ಟೆ."

ಸೊಸೆ ಮುಂದಿನ ಗುಳಿಗೆ ಬೀಜ ಹಾಕಿದಳು.